ವಿನೋದಾವಳಿಯಲ್ಲಿ ಯಶೋದಕ್ಕನ ಹಾಡು

೨೦೧೪ನೆಯ ಇಸವಿ ಮಾರ್ಚ್ ೧೪, ಶುಕ್ರವಾರ. ಆಧಾರ: ದುಬೈಯ ಅಲ್ ನಹ್ದಾದಲ್ಲಿ ನನ್ನ ಮಗಳ ಅಡುಗೆಮನೆಯ ಗೋಡೆಗೆ ತೂಗುಹಾಕಿದ ಕ್ಯಾಲೆಂಡರು. ಊರಿನ ಚಿನ್ನದಂಗಡಿಯೊಂದು ಅಚ್ಚುಹಾಕಿಸಿ ಹಂಚುವ ಈ ಕ್ಯಾಲೆಂಡರಿನಲ್ಲಿ ಆ ದಿನದ ಚೌಕದೊಳಗೆ ಮಗಳು ‘ಅಬುಧಾಬಿ, ಊಟ’ ಎಂದು ಬರೆದಿದ್ದಾಳೆ. ಅದರ ಕೆಳಗೆ ಗ್ಯಾಸ್ ಸಿಲಿಂಡರ್ ಬದಲಾಯಿಸಿದ ಗುರುತೂ ಇದೆ. ಒಂದೇ ಆಧಾರವನ್ನು ನಂಬಿ ಕೂರಬಾರದೆಂಬುದು ನನ್ನ ವೃತ್ತಿ ಕಲಿಸಿದ ಪಾಠವಾದ್ದರಿಂದ, ಅಂದು ಅಳಿಯ ಮೊಬೈಲಿನಲ್ಲಿ ತೆಗೆದ ಫೋಟೋಗಳ ದಿನಾಂಕವನ್ನೂ ನೋಡಿದೆ. ಎರಡೂ ಹೊಂದುತ್ತವೆ.

“ಅಪ್ಪಾ, ಊಟಕ್ಕೆ ಹೋದದ್ದಕ್ಕೂ ಸಾಕ್ಷಿ ಬೇಕಾ?” ಎಂದು ಮಗಳು ಕೇಳಿದಳು.

ಬೇಕು. ಶಾಸನಗಳ ಕಾಲನಿರ್ಣಯ ಮಾಡುತ್ತ ಕೂದಲು ಬೆಳ್ಳಗಾಗಿಸಿಕೊಂಡವನು ನಾನು. ಕಲ್ಲಿನ ಮೇಲೆ ಕೆತ್ತಿದ ವಾರವೂ ತಿಥಿಯೂ ಒಂದಕ್ಕೊಂದು ಕೂಡಿಬಾರದಿದ್ದರೆ ರಾಜನ ಮಾತನ್ನೇ ಅನುಮಾನಿಸುವುದು ನಮ್ಮ ಕೆಲಸ. ಹೀಗಿರುವಾಗ ಮಗಳ ಮನೆಯ ಕ್ಯಾಲೆಂಡರನ್ನು ಹೇಗೆ ಬಿಡಲಿ? ನಿವೃತ್ತಿಯಾದ ಮೇಲೆ ಈ ಚಾಳಿ ಇನ್ನಷ್ಟು ಬಲಿತಿದೆ. ಯಾರಾದರೂ “ಕಳೆದ ದೀಪಾವಳಿಯಲ್ಲಿ” ಎಂದು ಮಾತು ತೆಗೆದರೆ ನನ್ನ ಮನಸ್ಸು ಮಾತನ್ನು ಬಿಟ್ಟು ದೀಪಾವಳಿಯನ್ನು ಹುಡುಕಲು ಹೊರಡುತ್ತದೆ. ಅಷ್ಟು ಹೊತ್ತಿಗೆ ಅವರು ಹೇಳುವುದನ್ನು ಹೇಳಿ ಮುಗಿಸಿರುತ್ತಾರೆ.

ಆ ಶುಕ್ರವಾರ ಊಟಕ್ಕೆ ಹೋದದ್ದು ನನ್ನ ಅಕ್ಕ ಯಶೋದೆಯ ಮನೆಗೆ. ಯಶೋದಕ್ಕ ತನ್ನ ಮಗ ಪ್ರದೀಪ, ಸೊಸೆ ಶೈಲಾ, ಮೊಮ್ಮಗಳು ಅನ್ವಿ ಇವರೊಂದಿಗೆ ಅಬುಧಾಬಿಯಲ್ಲಿ ಇದ್ದಾಳೆ. ಭಾವ ತೀರಿಕೊಂಡು ಬಹಳ ಕಾಲವಾಯಿತು. ಅದಾದ ಮೇಲೆ ಅಕ್ಕನ ಗಂಟಲಲ್ಲಿ ಗಡ್ಡೆ ಕಾಣಿಸಿಕೊಂಡು, ಶಸ್ತ್ರಚಿಕಿತ್ಸೆಯಲ್ಲಿ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾಯಿತು. ಜೀವ ಉಳಿಯಿತು. ಮಾತು ಹೋಯಿತು. ಈಗ ಅವಳು ತುಟಿ ಅಲ್ಲಾಡಿಸುತ್ತಾಳೆ, ಶೈಲಾ ಅದನ್ನು ಓದಿ ಹೇಳುತ್ತಾಳೆ. ಅತ್ತೆಯ ತುಟಿಯನ್ನು ಸೊಸೆ ಓದುವ ವೇಗವನ್ನು ಕಂಡಾಗಲೆಲ್ಲ, ಹಳಗನ್ನಡದ ಒಂದು ಸಾಲಿಗೆ ವಾರಗಟ್ಟಲೆ ತಿಣುಕುತ್ತಿದ್ದ ನನಗೆ ನಾಚಿಕೆಯಾಗುತ್ತದೆ.

ಯಾರನ್ನಾದರೂ ಕರೆಯಬೇಕಾದರೆ ಯಶೋದಕ್ಕ ಸ್ಟೀಲಿನ ಲೋಟದ ಮೇಲೆ ಚಮಚದಿಂದ ಬಡಿಯುತ್ತಾಳೆ. ಆ ದಿನ ಊಟವಾದ ಮೇಲೆ ಹಾಗೆ ಬಡಿಯುತ್ತಿದ್ದವಳು, ಯಾರನ್ನು ಕರೆಯಬೇಕೆಂದಿದ್ದಳೋ ಮರೆತು, ಸುಮ್ಮನೆ ತಾಳ ಹಾಕತೊಡಗಿದಳು. ಅನ್ವಿ ಮೊಬೈಲಿನಿಂದ ತಲೆ ಎತ್ತದೆ, “ಅಜ್ಜಿ ಈಸ್ ಡ್ರಮ್ಮಿಂಗ್ ಅಗೇನ್” ಎಂದಳು.

“ಅದು ತಾಳ ಮಗಾ. ನಿನ್ನ ಅಜ್ಜಿ ರೇಡಿಯೋದಲ್ಲಿ ಹಾಡಿದವಳು,” ಎಂದೆ ನಾನು.

“ನೋ ವೇ. ಅಜ್ಜಿ ಡಸಂಟ್ ಹ್ಯಾವ್ ಎ ವಾಯ್ಸ್.”

“ಅನ್ವೀ!” ಎಂದು ಶೈಲಾ ಗದರಿದಳು. ಆದರೆ ಮಗು ಸುಳ್ಳು ಹೇಳಿರಲಿಲ್ಲ. ಅದು ಅಜ್ಜಿಯನ್ನು ನೋಡಿದಂದಿನಿಂದಲೂ ಅಜ್ಜಿಗೆ ಸ್ವರವಿರಲಿಲ್ಲ.

ಯಶೋದಕ್ಕ ನಕ್ಕಳು. ನಗುವಿಗೂ ಸದ್ದಿಲ್ಲ, ಭುಜ ಮಾತ್ರ ಕುಲುಕುತ್ತದೆ. ಆಮೇಲೆ ನನ್ನ ಕಡೆ ತಿರುಗಿ ತುಟಿ ಅಲ್ಲಾಡಿಸಿದಳು. ಶೈಲಾ ನೋಡುತ್ತ ನಿಂತಳು.

“ಆ ಟೇಪು ಎಲ್ಲುಂಟು ಅಂತ ಅತ್ತೆ ಕೇಳ್ತಿದ್ದಾರೆ, ಮಾವ. ತಮ್ಮ ಅಷ್ಟೆಲ್ಲ ಕಲ್ಲು ಹುಡುಕಿದ, ಒಂದು ಟೇಪು ಹುಡುಕಿ ಕೊಡಲಿ ಅಂತ... ಆ ಹಾಡನ್ನು ಎಲ್ಲರೂ ಕೇಳಿದ್ರು, ನಾನೊಬ್ಬಳು ಕೇಳಲೇ ಇಲ್ಲ ಅಂತ. ಸಾಯುವ ಮೊದಲು ಒಮ್ಮೆ ಕೇಳಬೇಕಂತೆ.”

ಕೊನೆಯ ಮಾತನ್ನು ಶೈಲಾ ತಗ್ಗಿದ ಸ್ವರದಲ್ಲಿ ಹೇಳಿದಳು.

ಯಾವ ಹಾಡು, ಯಾವ ಟೇಪು ಎಂದು ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕಡೆ ಹಾಡಿನ ರಾಯರೆಂದು ಒಬ್ಬರಿದ್ದರು. ನಿಜವಾದ ಹೆಸರು ಬೇರೆ ಇತ್ತು, ಅದನ್ನು ಅವರ ಮನೆಯವರೂ ಬಳಸುತ್ತಿರಲಿಲ್ಲ. ನಾಟಕದ ಕಂಪನಿಗಳಿಗೆ, ಮದುವೆಯ ಮನೆಗಳಿಗೆ, ಶಾಲೆಯ ವಾರ್ಷಿಕೋತ್ಸವಗಳಿಗೆ, ಕೃಷಿಕರಿಗಾಗಿ ಬರುತ್ತಿದ್ದ ರೇಡಿಯೋ ಕಾರ್ಯಕ್ರಮಕ್ಕೆ, ಹೀಗೆ ಕೇಳಿದವರಿಗೆಲ್ಲ ಅವರು ಹಾಡು ಕಟ್ಟಿಕೊಟ್ಟರು. ಗದ್ದೆಯ ಬದುವಿನಲ್ಲಿ, ಬಸ್ಸಿನ ಹಿಂದಿನ ಸೀಟಿನಲ್ಲಿ, ಬೀಡಿ ಸುತ್ತುವ ಜಗಲಿಯಲ್ಲಿ ಅವರ ಹಾಡುಗಳಿದ್ದವು. ವಿದ್ವಾಂಸರು ಮಾತ್ರ ಅವರನ್ನು ಕವಿ ಎನ್ನುತ್ತಿರಲಿಲ್ಲ. ನಾನೂ ಎನ್ನಲಿಲ್ಲ. ಆ ಕಾಲಕ್ಕೆ ನನ್ನಲ್ಲಿ ವಿದ್ವತ್ತು ಬಹಳ ಇತ್ತು.

ಅವರಿಗೆ ಅರುವತ್ತು ತುಂಬಿದಾಗ ರೇಡಿಯೋದವರು ಒಂದು ವಿನೋದಾವಳಿಯನ್ನು ಏರ್ಪಡಿಸಿದರು. ವಿನೋದಾವಳಿ ಎಂಬ ಮಾತು ಈಗ ಸತ್ತಿದೆ, ಆದ್ದರಿಂದ ವಿವರಿಸಬೇಕು: ಒಂದು ಹಾಡು, ಒಂದು ನಗೆಮಾತು, ಒಂದು ಪುಟ್ಟ ಪ್ರಹಸನ, ಬಗೆಬಗೆಯ ಪ್ರಾಣಿಗಳ ಕೂಗನ್ನು ಅನುಕರಿಸುವವನೊಬ್ಬ, ನಡುವೆ ಗಣ್ಯರ ಎರಡು ಮಾತು, ಮತ್ತೆ ಹಾಡು. ಆಹ್ವಾನಿತ ಶ್ರೋತೃಗಳ ಎದುರಿನಲ್ಲಿ ನಡೆಯುತ್ತಿದ್ದಂತೆಯೇ ನೇರವಾಗಿ ಬಿತ್ತರವಾಗುತ್ತಿತ್ತು. ಆ ಸಂಜೆಗೆ ರಾಯರ ಹಾಡುಗಳನ್ನು ಹಾಡಲು ಆರಿಸಿದವರಲ್ಲಿ ಯಶೋದಕ್ಕನೂ ಇದ್ದಳು. ಮದುವೆಯಾಗಿ ಹೆಚ್ಚು ಕಾಲವಾಗಿರಲಿಲ್ಲ. ಭಾವ ದುಬೈಗೆ ಬಂದಿದ್ದರು, ಅಕ್ಕ ತವರಿನಲ್ಲೇ ಇದ್ದಳು. ಅವಳು ಜರಿಯಂಚಿನ ಸೀರೆಯುಟ್ಟು ದೊಡ್ಡಪ್ಪನ ಜೊತೆ ಬಸ್ಸು ಹತ್ತಿ ನಿಲಯಕ್ಕೆ ಹೋದಳು. ರೇಡಿಯೋದಲ್ಲಿ ಸೀರೆ ಯಾರಿಗೆ ಕಾಣುತ್ತದೆ ಎಂದು ನಾನು ತಮಾಷೆ ಮಾಡಿದ್ದೆ. “ರಾಯರಿಗೆ ಕಾಣ್ತದೆ” ಎಂದಿದ್ದಳು.

ದಿನಾಂಕ? ಇಲ್ಲಿ ನಾನು ಸೋತಿದ್ದೇನೆ. ಎಂಬತ್ತರ ದಶಕದ ಮೊದಲ ವರ್ಷಗಳೆಂಬುದು ಖಚಿತ, ಮಳೆಗಾಲ ಮುಗಿದಿತ್ತೆಂಬುದು ಸಂಭಾವ್ಯ. ಅಲ್ಲಿಂದ ಮುಂದೆ ನೆನಪುಗಳು ಮಾತ್ರ ಇವೆ, ಮತ್ತು ನೆನಪಿಗೆ ವಾರ ತಿಥಿಗಳಿರುವುದಿಲ್ಲ. ಆದ್ದರಿಂದ ದಿನಾಂಕ ಹಾಕುವುದಿಲ್ಲ.

ಆದರೆ ಆ ಸಂಜೆಯ ನೆನಪು ನನ್ನಲ್ಲಿ ಎಷ್ಟು ಸ್ಪಷ್ಟವಾಗಿತ್ತೆಂದರೆ, ಅದಕ್ಕೆ ಆಧಾರ ಬೇಕೆಂದು ನನಗೆ ಎಂದೂ ತೋರಿರಲಿಲ್ಲ. ಚಾವಡಿಯಲ್ಲಿ ಅಪ್ಪನ ಹಳೆಯ ರೇಡಿಯೋ, ಅದಕ್ಕೆ ಅಮ್ಮ ಕಸೂತಿ ಹಾಕಿದ ಹೊದಿಕೆ, ಎದುರಿಗೆ ನೆರೆಯ ನಾಲ್ಕು ಮನೆಯವರು. ಅಕ್ಕನ ಹೆಸರು ಹೇಳಿದ ಕೂಡಲೇ ಇಡೀ ಮನೆ ನಿಶ್ಶಬ್ದವಾಯಿತು. ಯಾರೂ ಉಸಿರೆತ್ತಲಿಲ್ಲ. ಅವಳ ಸ್ವರ ಚಾವಡಿಯನ್ನು ತುಂಬಿ ಅಂಗಳಕ್ಕೆ ಹರಿಯಿತು. ಹೀಗೆಂದು ನಾನು ಅವಳಿಗೆ ಎಷ್ಟು ಸಲ ಹೇಳಿದ್ದೇನೋ! ಅವಳು ಮೊದಲು ಕೇಳಿದ್ದು ಮರುದಿನ ಬೆಳಿಗ್ಗೆ, ಬಸ್ಸಿಳಿದ ಕೂಡಲೇ: “ಹೇಗಾಯ್ತು?” ನಾನು ಹೇಳಿದೆ. ಆಮೇಲೆ ಪ್ರತಿಯೊಂದು ರಜೆಯಲ್ಲಿ, ಪ್ರತಿಯೊಂದು ಮದುವೆಯ ಮನೆಯಲ್ಲಿ ಅವಳು ಕೇಳಿದಳು, ನಾನು ಹೇಳಿದೆ. ಆಸ್ಪತ್ರೆಯಿಂದ ಮನೆಗೆ ಬಂದಾಗ ಕೇಳಲಾಗದೆ ಸುಮ್ಮನೆ ನನ್ನ ಕೈ ಹಿಡಿದಳು. ಕೇಳದಿದ್ದರೂ ನಾನು ಹೇಳಿದೆ. ಯಾರೂ ಉಸಿರೆತ್ತಲಿಲ್ಲ ಅಕ್ಕ.

ಬೇರೆಲ್ಲೂ ಅವಳ ಸ್ವರ ಉಳಿದಿಲ್ಲವೇ ಎಂದು ನೀವು ಕೇಳಬಹುದು. ನಾವೂ ಹುಡುಕಿದೆವು. ಪ್ರದೀಪನ ಉಪನಯನದ ವೀಡಿಯೋ ಇದೆ. ಅದರಲ್ಲಿ ಯಶೋದಕ್ಕ ಬಾಯಿ ತೆರೆದು ಏನೋ ಹಾಡುತ್ತಿರುವುದು ಕಾಣುತ್ತದೆ. ಆದರೆ ವೀಡಿಯೋದವನು ಮೂಲದ ಸದ್ದನ್ನೆಲ್ಲ ತೆಗೆದುಹಾಕಿ ಮೊದಲಿನಿಂದ ಕೊನೆಯವರೆಗೆ ಸಿನಿಮಾ ಹಾಡುಗಳನ್ನು ಅಂಟಿಸಿದ್ದಾನೆ. ಆಗ ಅದೇ ಚಂದವೆಂದು ನಮಗೆ ತೋರಿತ್ತು, ಹೆಚ್ಚಿಗೆ ಹಣ ಕೊಟ್ಟೇ ಮಾಡಿಸಿದ್ದು. ಮೊಬೈಲುಗಳು ಎಲ್ಲರ ಕೈಗೆ ಬರುವ ಹೊತ್ತಿಗೆ ಅವಳ ಗಂಟಲು ಕೆಟ್ಟಿತ್ತು. ನಿಲಯಕ್ಕೆ ಬರೆದು ವಿಚಾರಿಸಿದೆ. ನೇರ ಪ್ರಸಾರದ ಕಾರ್ಯಕ್ರಮಗಳನ್ನು ಆಗ ಎಲ್ಲೂ ಇಟ್ಟುಕೊಳ್ಳುತ್ತಿರಲಿಲ್ಲ, ಒಂದು ಟೇಪಿನ ಮೇಲೆ ಇನ್ನೊಂದನ್ನು ಮುದ್ರಿಸುವುದೇ ಕ್ರಮವಾಗಿತ್ತು ಎಂದು ವಿನಯದಿಂದ ತಿಳಿಸಿದರು. ತಪ್ಪು ಯಾರದೂ ಅಲ್ಲ. ಗಾಳಿಗೆ ಹೋದದ್ದು ಗಾಳಿಗೆ ಹೋಯಿತು.

ಆದರೆ ಆ ಸಂಜೆ ನಮ್ಮ ಮನೆಯಲ್ಲಿ ಕಾರ್ಯಕ್ರಮವನ್ನು ಕ್ಯಾಸೆಟ್ಟಿಗೆ ಹಿಡಿದಿದ್ದೆವು. ಭಾವನಿಗೆ ಕಳುಹಿಸಲು. ಅಕ್ಕ ಮರಳುವ ಮೊದಲೇ, ಆ ರಾತ್ರಿಯೇ ದುಬೈಗೆ ಹೊರಟವರೊಬ್ಬರ ಕೈಯಲ್ಲಿ ಅದು ಹೋಯಿತು. ಗಲ್ಫಿನಲ್ಲಿ ಗಂಡನೋ ಮಗನೋ ಇದ್ದ ಮನೆಗಳಲ್ಲೆಲ್ಲ ಆಗ ಈ ಪದ್ಧತಿ ಇತ್ತು. ಕಾಗದದ ಬದಲು ಕ್ಯಾಸೆಟ್ಟು. ಊರಿಂದ ಹೊರಟವರ ಕೈಯಲ್ಲಿ ಉಪ್ಪಿನಕಾಯಿಯ ಜೊತೆಗೆ ಒಂದು ಕ್ಯಾಸೆಟ್ಟು. ತಾಯಿ ಮಾತಾಡುತ್ತಿದ್ದಳು, ತಂಗಿ ಮಾತಾಡುತ್ತಿದ್ದಳು, ಮಗು ಮಗ್ಗಿ ಹೇಳುತ್ತಿತ್ತು. ಹೆಂಡತಿ ಮಾತ್ರ ಮಾತಾಡುತ್ತಿರಲಿಲ್ಲ. ಏಕೆಂದರೆ ಇಲ್ಲಿ ಟೇಪು ಒಬ್ಬನದಾಗಿರಲಿಲ್ಲ, ರೂಮಿನದಾಗಿತ್ತು. ಬ್ಯಾಚುಲರ್ ರೂಮಿನ ಹಾಸಿಗೆಗಳ ಮೇಲೆ ಎಲ್ಲರೂ ಕುಳಿತು ಎಲ್ಲರ ಟೇಪನ್ನೂ ಕೇಳುತ್ತಿದ್ದರು. ಅಷ್ಟು ಜನ ಗಂಡಸರು ಕೇಳುವ ಯಂತ್ರಕ್ಕೆ ಯಾವ ಹೊಸ ಹೆಂಡತಿ ಬಾಯಿ ತೆರೆದಾಳು? ಯಶೋದಕ್ಕ ಭಾವನಿಗೆ ಒಂದು ಟೇಪಿನಲ್ಲೂ ಮಾತಾಡಲಿಲ್ಲ. ಹಾಡಿದ್ದು ಮಾತ್ರ ಹೋಯಿತು, ಅದು ರೇಡಿಯೋದವರ ಹಾಡಾದ್ದರಿಂದ ನಾಚಿಕೆಗೆ ಕಾರಣವಿರಲಿಲ್ಲ.

ಭಾವ ಕಾಗದ ಬರೆದಿದ್ದರು, ಹಾಡು ಬಹಳ ಚೆನ್ನಾಗಿ ಬಂದಿದೆ ಎಂದು. ಆಮೇಲೆ ಅಕ್ಕ ಇಲ್ಲಿಗೆ ಬಂದ ಮೇಲೆ ಟೇಪೆಲ್ಲಿ ಎಂದರೆ “ರೂಮಿನಲ್ಲಿ ಉಳಿಯಿತು ಮಾರಾಯ್ತಿ, ಯಾರೋ ಕೊಂಡುಹೋಗಿರಬೇಕು” ಎಂದರು. ಅವಳು ಆಗ ಹೆಚ್ಚು ಕೇಳಲಿಲ್ಲ. ಸ್ವರ ಇದ್ದವಳಿಗೆ ಟೇಪಿನ ಹಂಗೇನು?

ರೂಮು ದುಬೈಯ ಹಳೆಯ ಪೇಟೆ ನೈಫಿನಲ್ಲಿತ್ತು. ಕಟ್ಟಡ ಈಗ ಇಲ್ಲ. ಆದರೆ ರೂಮಿನಲ್ಲಿ ಭಾವನ ಪಕ್ಕದ ಹಾಸಿಗೆಯಲ್ಲಿ ಮಲಗುತ್ತಿದ್ದ ಹಮೀದ್ ಹಾಜಿಯವರು ಇದ್ದರು. ಬ್ಯಾರಿಗಳು, ನಮ್ಮ ಊರಿನ ಸಮೀಪದವರೇ. ನೈಫಿನ ಸೂಕಿನ, ಅಂದರೆ ಮಾರುಕಟ್ಟೆಯ, ಒಂದು ಓಣಿಯಲ್ಲಿ ಅವರ ಸೂಟ್‌ಕೇಸ್ ಮತ್ತು ಕಂಬಳಿಗಳ ಅಂಗಡಿ. ವಿಳಾಸ ಕೊಟ್ಟವನು ಪ್ರದೀಪ. ನಾನು ಹೋಗಿ ಹೆಸರು ಹೇಳಿದ ಕೂಡಲೇ ಅವರು ಎದ್ದುಬಂದು ತಬ್ಬಿಕೊಂಡರು.

“ನೀವಾ ಆ ಭಾವಮೈದ? ಕಲ್ಲು ಓದುವ ಪ್ರೊಫೆಸರು?”

“ಪ್ರೊಫೆಸರಲ್ಲ ಹಾಜಿಯವರೇ, ಸಂಶೋಧಕ.”

“ಎರಡೂ ಒಂದೇ ಅಲ್ವಾ ಪ್ರೊಫೆಸರೇ? ಕೂತ್ಕೊಳ್ಳಿ. ಚಾ ತರಿಸ್ತೇನೆ.” ಕೂರಲು ಕೊಟ್ಟದ್ದು ಒಂದು ಕೆಂಪು ಸೂಟ್‌ಕೇಸು. “ಗಟ್ಟಿ ಉಂಟು, ಹೆದರಬೇಡಿ. ಗ್ಯಾರಂಟಿ ಮಾತ್ರ ಇಲ್ಲ.”

ನಾನು ಬಂದ ಕಾರಣ ಹೇಳಿದೆ. ಅವರು ಚಾದ ಲೋಟವನ್ನು ಹಿಡಿದುಕೊಂಡೇ ನಗತೊಡಗಿದರು.

“ಆ ಟೇಪಾ! ಅಲ್ಲಾ! ಬೇಜಾರಾದಾಗೆಲ್ಲ ರೂಮಿನವರು ಅದನ್ನೇ ಹಾಕ್ತಿದ್ದದ್ದು. ನಕ್ಕು ನಕ್ಕು ಹೊಟ್ಟೆನೋವು ಬರ್ತಿತ್ತು. ಒಳ್ಳೆ ತಮಾಷೆ ಟೇಪು ಅದು.”

“ಪ್ರಹಸನ ಇತ್ತು ಅದರಲ್ಲಿ. ಪ್ರಾಣಿಗಳ ಕೂಗಿನವನೂ ಇದ್ದ,” ಎಂದೆ.

“ಅವನೂ ಇದ್ದ,” ಎಂದರು ಹಾಜಿಯವರು. ಮತ್ತೆ ಏನೋ ಹೇಳಲು ಹೊರಟು ನನ್ನ ಮುಖ ನೋಡಿ ನಿಲ್ಲಿಸಿದರು. “ನಿಮ್ಮ ಅಕ್ಕ ಹೇಗಿದ್ದಾರೆ?”

ಹೇಳಿದೆ. ಅವರ ನಗು ಇಳಿಯಿತು.

ರೂಮಿಗೆ ಒಂದು ಕಟ್ಟಳೆಯಿತ್ತಂತೆ. ವೀಸಾ ರದ್ದುಮಾಡಿಸಿಕೊಂಡು ಊರಿಗೆ ಹೋಗುವವನಿರಲಿ, ಸಂಸಾರ ತಂದು ಬೇರೆ ಫ್ಲ್ಯಾಟಿಗೆ ಹೋಗುವವನಿರಲಿ, ತನ್ನ ಕಂಬಳಿ, ತನ್ನ ಪಾತ್ರೆ, ತನ್ನ ಟೇಪುಗಳನ್ನು ರೂಮಿಗೆ ಬಿಟ್ಟುಹೋಗಬೇಕು. ಹೊಸಬನಿಗೆ ಬೇಕಾಗುತ್ತದೆ. ಹೊಸಬನಿಗೆ ಬೇರೆಯವನ ಅಮ್ಮನ ಸ್ವರ ಯಾಕೆ ಬೇಕು ಎಂದು ನಾನು ಕೇಳಿದೆ. “ಅಮ್ಮನ ಸ್ವರ ಅಲ್ವಾ ಪ್ರೊಫೆಸರೇ? ಯಾರ ಅಮ್ಮ ಆದ್ರೆ ಎಂತ?” ಎಂದರು. ಕಟ್ಟಡ ಕೆಡವುವಾಗ ಕೊನೆಗೆ ಉಳಿದಿದ್ದವರು ಹಾಜಿಯವರು. ಕಂಬಳಿಗಳು ಖಲಾಸ್, ಪಾತ್ರೆಗಳು ಖಲಾಸ್. ಟೇಪುಗಳ ರಟ್ಟಿನ ಪೆಟ್ಟಿಗೆಯನ್ನು ಮಾತ್ರ ಎಸೆಯಲು ಮನಸ್ಸು ಬಾರದೆ ಅಂಗಡಿಯ ಅಟ್ಟದ ಮೇಲೆ ಇಟ್ಟಿದ್ದರು.

ಆ ಪೆಟ್ಟಿಗೆಯನ್ನು ನಾನು ಅಲ್ ನಹ್ದಾಕ್ಕೆ ತಂದೆ. ಅಳಿಯ ಎಲ್ಲಿಂದಲೋ ಹಳೆಯ ಪ್ಲೇಯರೊಂದನ್ನು ಹುಡುಕಿಕೊಟ್ಟ. ಟೇಪುಗಳ ಮೇಲಿನ ಚೀಟಿಗಳು ಉದುರಿಹೋಗಿದ್ದರಿಂದ ಒಂದೊಂದನ್ನೇ ಹಾಕಿ ಕೇಳಬೇಕಾಯಿತು. ಎಲ್ಲವೂ ಒಂದೇ ಮಾತಿನಿಂದ ಆರಂಭವಾಗುತ್ತಿದ್ದವು: ನಾವೆಲ್ಲ ಕ್ಷೇಮ, ನೀನೂ ಕ್ಷೇಮವಾಗಿರುವಿ ಎಂದು ತಿಳಿಯುತ್ತೇವೆ. ಆಮೇಲೆ ದನ ಕರು ಹಾಕಿದ ಸುದ್ದಿ, ಯಾರದೋ ನಿಶ್ಚಿತಾರ್ಥ, ಒಬ್ಬ ತಾಯಿ ಮಾತು ಸಿಗದೆ ಸುಮ್ಮನೆ ಉಸಿರಾಡುತ್ತ ಕುಳಿತದ್ದು, ಬದಿಯಿಂದ ಯಾರೋ “ಮಾತಾಡಿ, ಟೇಪು ಓಡ್ತಾ ಉಂಟು” ಎನ್ನುವುದು. ಈ ತಾಯಂದಿರಲ್ಲಿ ಇಂದು ಯಾರೂ ಉಳಿದಿರಲಾರರು. ಮಕ್ಕಳಲ್ಲಿ ಎಷ್ಟು ಮಂದಿಯೋ. ಜೀವಮಾನವೆಲ್ಲ ಸತ್ತವರ ಬರಹಗಳನ್ನು ಓದಿದವನು ನಾನು, ಎದೆ ಒಮ್ಮೆಯೂ ಭಾರವಾಗಿರಲಿಲ್ಲ. ಅರಸರು ನಮ್ಮನ್ನು ಉದ್ದೇಶಿಸಿಯೇ ಕೆತ್ತಿಸಿದ್ದರು. ಇದು ಹಾಗಲ್ಲ. ಯಾರಿಗೋ ಕಟ್ಟಿದ ಬುತ್ತಿಯನ್ನು ನಾನು ಬಿಚ್ಚುತ್ತಿದ್ದೆ. ಮಗಳು ಎರಡು ದಿನ ತಡೆದುಕೊಂಡು, “ಅಪ್ಪಾ, ದಯವಿಟ್ಟು ಹೆಡ್‌ಫೋನ್ ಹಾಕಿಕೊಳ್ಳಿ, ನನಗೆ ಅಡುಗೆ ಮಾಡಲಿಕ್ಕೆ ಆಗುವುದಿಲ್ಲ” ಎಂದಳು.

ಪೆಟ್ಟಿಗೆಯ ತಳದಲ್ಲಿದ್ದ ಒಂದು ಟೇಪಿನಲ್ಲಿ, ಕ್ಷೇಮ ಸಮಾಚಾರವಿಲ್ಲದೆ ನೇರವಾಗಿ, ತೊಳೆದಂಥ ಕನ್ನಡದಲ್ಲಿ ಉದ್ಘೋಷಕರು ಹಾಡಿನ ರಾಯರಿಗೆ ನಮಸ್ಕಾರ ಹೇಳುತ್ತಿದ್ದರು. ಹಿಂದೆ ಸಭೆಯ ಕೆಮ್ಮು. ಅದಕ್ಕೂ ಹಿಂದೆ, ನಮ್ಮ ಮನೆಯ ಬಾವಿಯ ರಾಟೆಯ ಕಿರುಗುಟ್ಟುವಿಕೆ. ಅದನ್ನು ನಾನು ಲೋಕದ ಯಾವ ಮೂಲೆಯಲ್ಲೂ ಗುರುತಿಸಬಲ್ಲೆ. ಯಂತ್ರವನ್ನು ಅಲ್ಲಿಗೇ ನಿಲ್ಲಿಸಿದೆ. ಮುಂದಿನದನ್ನು ನಾನು ಮೊದಲು ಕೇಳಬಾರದು. ಆ ಸರದಿ ಅವಳದು.

ಮುಂದಿನ ಶುಕ್ರವಾರ ಅಬುಧಾಬಿಯಲ್ಲಿ, ಮಧ್ಯಾಹ್ನದ ಊಟಕ್ಕೂ ಮೊದಲು, ಎಲ್ಲರೂ ಹಾಲಿನಲ್ಲಿ ಸೇರಿದೆವು. ಯಶೋದಕ್ಕ ಮಿಂದು ರೇಷ್ಮೆ ಸೀರೆ ಉಟ್ಟಿದ್ದಳು. ಕುತ್ತಿಗೆಯ ರಂಧ್ರದ ಮೇಲಿನ ಬಟ್ಟೆಯೂ ಸೀರೆಯ ಬಣ್ಣದ್ದೇ, ಶೈಲಾ ಹೊಲಿದದ್ದು. ಪ್ರದೀಪ ಏ.ಸಿ.ಯ ಸದ್ದೂ ಬೇಡವೆಂದು ಅದನ್ನು ಆರಿಸಿದ. ಅನ್ವಿಯನ್ನು ಅಜ್ಜಿ ತನ್ನ ಪಕ್ಕದಲ್ಲೇ ಕೂರಿಸಿಕೊಂಡಳು.

ಟೇಪು ಓಡಿತು. ಅದೆಷ್ಟು ಸ್ವಚ್ಛವಾಗಿತ್ತು! ಮೊದಲ ಹಾಡು ಹಾಡಿದ ಗಂಡಸಿನ ಒಂದೊಂದು ಗಮಕವೂ ಕೇಳಿತು. ಹಾರ್ಮೋನಿಯಂನವರ ಬೆರಳು ತಪ್ಪಿದ್ದು ಕೂಡ ಕೇಳಿತು. ಪ್ರಹಸನದ ಮಾತುಗಳೆಲ್ಲ ಕೇಳಿದವು. ಪ್ರಾಣಿಗಳ ಕೂಗಿನವನು ಕೋಣನ ಕೂಗು ಹಾಕಿದಾಗ ಅನ್ವಿ ಬಿದ್ದು ಬಿದ್ದು ನಕ್ಕಳು. ಗಣ್ಯರೊಬ್ಬರ ಉದ್ದನೆಯ ಭಾಷಣವೂ ಒಂದಕ್ಷರ ಬಿಡದೆ ಉಳಿದಿತ್ತು. ನಮ್ಮ ಮನೆಯವರು ಅಷ್ಟು ಹೊತ್ತೂ ಎಷ್ಟು ಶಿಸ್ತಾಗಿ ಕುಳಿತಿದ್ದರೆಂದರೆ ರಾಟೆಯ ಸದ್ದೂ ನಿಂತಿತ್ತು. ನಾನು ಯಶೋದಕ್ಕನ ಕಡೆ ಹೆಮ್ಮೆಯಿಂದ ನೋಡಿದೆ. ನೋಡಿದೆಯಾ, ನಾನು ಹೇಳಿರಲಿಲ್ಲವೇ?

ಉದ್ಘೋಷಕರು ಮುಂದಿನ ಹಾಡು ಬರೆದ ವರ್ಷವನ್ನು ತಿಳಿಸಿ ಹೇಳಿದರು: “ಈಗ ರಾಯರು ಬರೆದ ಜೋಗುಳವೊಂದನ್ನು ಹಾಡುವವರು ಯಶೋ...”

“ಬಂತು! ಬಂತು!” ಇದು ಅಮ್ಮ.

“ಮನಿಪಂದೆ ಕುಲ್ಲುಲೆ!” ಇದು ಅಪ್ಪ. ನಮ್ಮ ಮನೆಮಾತು ತುಳು, ಬಾಯಿ ಮುಚ್ಚಿ ಕೂತುಕೊಳ್ಳಿ ಎಂದು ಅರ್ಥ. ಅದನ್ನು ಅವರು ರೇಡಿಯೋದ ಪಕ್ಕದಲ್ಲೇ ನಿಂತು, ತಮ್ಮ ಪೂರ್ತಿ ಗಂಟಲಿನಲ್ಲಿ ಹೇಳಿದ್ದರು.

“ಓ ಕಮಲಕ್ಕಾ! ಓಡಿ ಬನ್ನಿ! ಯಶೋದನ ಹಾಡು!” ಯಾರೋ ಅಂಗಳಕ್ಕೆ ಓಡಿದರು.

“ಇದು ನಮ್ಮ ಯಶೋದನಾ? ಸ್ವರ ಬೇರೆ ಕಾಣ್ತದಲ್ಲ?”

“ಅವಳದ್ದೇ. ನೆಗಡಿ ಇತ್ತು ಅವಳಿಗೆ. ಕಷಾಯ ಕುಡಿ ಅಂತ ಬಡ್ಕೊಂಡೆ.”

“ಮಾತಾಡಬೇಡಿ ಅಂದ್ನಲ್ಲ!”

“ನೀವೇ ಮಾತಾಡ್ತಿರುವುದು!”

“ನಾನು ಮಾತಾಡ್ತಿಲ್ಲ, ನಿಮ್ಮನ್ನು ಸುಮ್ಮನಿರಿಸ್ತಾ ಇದ್ದೇನೆ!”

ಆಗ, ಈ ಎಲ್ಲ ಗದ್ದಲದ ಮೇಲೆ, ಯಂತ್ರಕ್ಕೆ ಅತಿ ಸಮೀಪದಲ್ಲಿ, ಒಬ್ಬ ಯುವಕನ ತೀಕ್ಷ್ಣವಾದ ಸ್ವರ: “ತಪ್ಪು! ಈ ಹಾಡು ಬರೆದ ವರ್ಷ ತಪ್ಪು ಹೇಳಿದರು. ಅದು ನಾಟಕಕ್ಕೆ ಬರೆದದ್ದು, ಆ ನಾಟಕ ಆಡಿದ್ದು ಅದಕ್ಕೂ ಎರಡು ವರ್ಷ ಮೊದಲು. ಬೇಕಾದರೆ ತೋರಿಸುತ್ತೇನೆ...”

“ವರ್ಷವನ್ನು ಆಮೇಲೆ ಕಟ್ಟಿಕೊಂಡು ಸಾಯಿ, ಮೊದಲು ಹಾಡು ಕೇಳು!” ಎಂದು ಅಪ್ಪ ಗರ್ಜಿಸಿದರು.

“ಕೇಳುತ್ತಲೇ ಇದ್ದೇನೆ. ಕೇಳಿದ್ದರಿಂದಲೇ ಹೇಳಿದ್ದು...” ಎಂದು ಆ ಯುವಕ ಎರಡು ನಾಟಕಗಳ ವ್ಯತ್ಯಾಸವನ್ನು ವಿವರಿಸತೊಡಗಿದ. ಅವನ ಉಚ್ಚಾರಣೆ ಬಹಳ ಶುದ್ಧವಾಗಿತ್ತು. ಟೇಪಿನಲ್ಲಿ ಅವನ ಒಂದು ಅಕ್ಷರವೂ ಹಾಳಾಗಿಲ್ಲ.

ಅವನು ಉಸಿರು ತೆಗೆದುಕೊಂಡಾಗ ಹಾರ್ಮೋನಿಯಂನ ಒಂದು ಎಳೆ ಕೇಳಿತು. ಒಡನೆಯೇ ಸಭೆಯ ಚಪ್ಪಾಳೆ. ಆಮೇಲೆ ಅಮ್ಮನ “ಮುಗಿಯಿತಾ? ಅಷ್ಟೇಯಾ?” ಮತ್ತು ಮನೆಯಲ್ಲಿ ಪೂರ್ಣ ನಿಶ್ಶಬ್ದ. ಮುಂದಿನ ಗಾಯಕರ ಹಾಡು ಸ್ಫಟಿಕದಂತೆ ಕೇಳಿಬಂತು.

ಅನ್ವಿ ಅಜ್ಜಿಯ ಮುಖ ನೋಡಿದಳು, ನನ್ನ ಮುಖ ನೋಡಿದಳು. “ಬಟ್ ವೇರ್ ಈಸ್ ಅಜ್ಜಿ?” ಎಂದು ಕೇಳಿದಳು.

ಯಶೋದಕ್ಕ ಬೆರಳಿನಿಂದ ಹಿಂದಕ್ಕೆ ಎಂದು ಸನ್ನೆ ಮಾಡಿದಳು. ಪ್ರದೀಪ ಮತ್ತೆ ಹಾಕಿದ. ಅವಳು ಕಿವಿಯನ್ನು ಪ್ಲೇಯರಿಗೆ ಒತ್ತಿ, ಕಣ್ಣು ಮುಚ್ಚಿ, ನಮ್ಮೆಲ್ಲರ ಸ್ವರಗಳ ಅಡಿಯಲ್ಲಿ ತನ್ನದನ್ನು ಹುಡುಕಿದಳು. ಮತ್ತೊಮ್ಮೆ ಹಾಕಿದ. ಮೂರನೆಯ ಸಲ ಅವಳೇ ಕೈಚಾಚಿ ನಿಲ್ಲಿಸಿದಳು.

ಇಲ್ಲಿ ಒಂದು ತಾಂತ್ರಿಕ ವಿವರವನ್ನು ದಾಖಲಿಸಬೇಕು. ಟೇಪ್ ಮಾಡಿದ ಯಂತ್ರ ಭಾವ ಮೊದಲ ರಜೆಯಲ್ಲಿ ತಂದುಕೊಟ್ಟ ಟೂ-ಇನ್-ಒನ್. ಅದರೊಳಗೇ ರೇಡಿಯೋ ಇತ್ತು. ಅದರ ರೇಡಿಯೋದಿಂದಲೇ ಮುದ್ರಿಸಿದ್ದರೆ ಮನೆಯಲ್ಲಿ ಮದ್ದಳೆ ಬಾರಿಸಿದರೂ ಟೇಪಿಗೆ ಬೀಳುತ್ತಿರಲಿಲ್ಲ. ಆದರೆ ಒಂದೇ ಯಂತ್ರಕ್ಕೆ ಎರಡು ಕೆಲಸ ಹೇರಿದರೆ ಅದು ಎರಡನ್ನೂ ಕೆಡಿಸುತ್ತದೆಂದು ಅಪ್ಪನ ಸಿದ್ಧಾಂತ. ಕೇಳುವುದು ಹಳೆಯ ರೇಡಿಯೋ, ಹಿಡಿಯುವುದು ಹೊಸ ಯಂತ್ರ. ಎರಡನ್ನೂ ಎದುರುಬದುರಾಗಿ, ಗಂಡು ಹೆಣ್ಣು ನೋಡುವಂತೆ, ಬೆಂಚಿನ ಮೇಲೆ ಇಟ್ಟಿದ್ದರು. ಅದು ಸರಿಯಲ್ಲವೆಂದು ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ. ನಾನಾಗಲೇ ಸಂಶೋಧನೆಗೆ ಸೇರಿದ್ದೆ.

ಪ್ರದೀಪ ಬಿಡಲಿಲ್ಲ. ಟೇಪನ್ನು ಕಂಪ್ಯೂಟರಿಗೆ ಇಳಿಸಿ ರಾತ್ರಿ ಹಗಲು ಕುಳಿತ. ಇಂಟರ್‌ನ್ಯಾಷನಲ್ ಸಿಟಿ ಎಂಬ ದುಬೈಯ ಬಡಾವಣೆಯಲ್ಲಿ ಸೌಂಡ್ ಕೆಲಸ ಮಾಡುವ ಪರಿಚಯದವನೊಬ್ಬನಿಗೂ ಕೊಟ್ಟುನೋಡಿದ. ಕೆಲವು ದಿನಗಳ ನಂತರ ಫೋನು ಮಾಡಿದ.

“ಮಾವ, ಆಗುವುದಿಲ್ಲ. ಎಲ್ಲ ಸ್ವರಗಳೂ ಒಂದೇ ಮೈಕಿಗೆ ಬಿದ್ದಿವೆ. ನಿಮ್ಮದನ್ನು ತೆಗೆದರೆ ಅಮ್ಮನದೂ ಹೋಗ್ತದೆ. ಮಾಫಿ. ಅವನು ಹೇಳಿದ, ಮಾಫಿ ಅಂತ.” ಮಾಫಿ ಎಂದರೆ ಇಲ್ಲಿನ ಅರಬಿಯಲ್ಲಿ ‘ಇಲ್ಲ’.

“ಸ್ವಲ್ಪವೂ?”

“ಸ್ವಲ್ಪ ಸಿಗ್ತದೆ. ಆದರೆ ಅದು ಅಮ್ಮನೋ ಹಾರ್ಮೋನಿಯಮ್ಮೋ ಹೇಳ್ಲಿಕ್ಕೆ ಆಗುವುದಿಲ್ಲ.”

ಭಾವ ಆ ಟೇಪನ್ನು ರೂಮಿನಿಂದ ಏಕೆ ತರಲಿಲ್ಲವೆಂಬುದು ನನಗೆ ತಿಳಿದದ್ದು ಆಗ. ಹಾಜಿಯವರ ರೂಮಿನವರು ಹೊಟ್ಟೆ ಹಿಡಿದುಕೊಂಡು ನಕ್ಕದ್ದು ಏತಕ್ಕೆಂದೂ ತಿಳಿಯಿತು. ಭಾವನೂ ಅಲ್ಲಿ, ತನ್ನ ಹಾಸಿಗೆಯ ಮೇಲೆ, ಅವರ ಜೊತೆ ನಕ್ಕಿರಬೇಕು. ಆಮೇಲೆ ಹಾಡು ಬಹಳ ಚೆನ್ನಾಗಿ ಬಂದಿದೆ ಎಂದು ಹೆಂಡತಿಗೆ ಕಾಗದ ಬರೆದಿರಬೇಕು. ಅವರ ಆ ಒಂದು ಸಾಲನ್ನು ಎಷ್ಟೋ ವರ್ಷ ಕಾಪಾಡಿಕೊಂಡು ಬಂದವಳಿಗೆ ಟೇಪನ್ನು ತಂದು ಕೇಳಿಸಿದವನು ನಾನು. ಹುಡುಕಿದ್ದು ಅವಳ ಮಾತಿನ ಮೇಲೆಯೇ, ನಿಜ. ಆದರೆ ಸಿಗದಿದ್ದರೆ ಒಳ್ಳೆಯದಿತ್ತು.

ಕಳೆದ ವಾರ ಅಬುಧಾಬಿಗೆ ಹೋಗಿದ್ದೆ. ಯಶೋದಕ್ಕ ಎಂದಿನಂತೆ ಬಡಿಸಿದಳು. ಹಾಡಿನ ಮಾತು ತೆಗೆಯಲಿಲ್ಲ. ಹೊರಡುವಾಗ ಬಾಗಿಲಲ್ಲಿ ನನ್ನನ್ನು ನಿಲ್ಲಿಸಿ ತುಟಿ ಅಲ್ಲಾಡಿಸಿದಳು. ಶೈಲಾ ನೋಡಿದಳು, ಆದರೆ ಹೇಳಲು ಒಪ್ಪಲಿಲ್ಲ. “ಏನಿಲ್ಲ ಮಾವ, ಹುಷಾರಾಗಿ ಹೋಗಿ ಅಂತ.” ಅಷ್ಟು ಚಿಕ್ಕ ಮಾತಾಗಿರಲಿಲ್ಲ ಅದು. ಒತ್ತಾಯಿಸಿದ ಮೇಲೆ ಹೇಳಿದಳು:

“ಹಾಗಾದರೆ ಯಾರೂ ಕೇಳಲೇ ಇಲ್ಲವಾ ಅಂತ ಕೇಳ್ತಿದ್ದಾರೆ.”

ಎರಡು ಆಧಾರಗಳು ಪರಸ್ಪರ ವಿರೋಧಿಸಿದಾಗ ಘಟನೆಗೆ ಸಮೀಪವಾದದ್ದನ್ನೇ ಸ್ವೀಕರಿಸಬೇಕು. ಈ ನಿಯಮವನ್ನು ನನ್ನ ಕೈಕೆಳಗೆ ದುಡಿದವರಿಗೆಲ್ಲ ನಾನು ಬೋಧಿಸಿದ್ದೇನೆ. ಆದ್ದರಿಂದ ದಾಖಲಿಸುತ್ತೇನೆ. ನನ್ನ ನೆನಪಿನ ಪ್ರಕಾರ ಆ ಸಂಜೆ ಯಶೋದಕ್ಕನ ಹಾಡಿನ ಹೊತ್ತಿಗೆ ಮನೆಯಲ್ಲಿ ಯಾರೂ ಉಸಿರೆತ್ತಲಿಲ್ಲ, ಮತ್ತು ನಾನು ಆ ಜೋಗುಳವನ್ನು ಮೊದಲಿನಿಂದ ಕೊನೆಯವರೆಗೆ ಕೇಳಿದೆ. ಈಗಲೂ, ಇದನ್ನು ಬರೆಯುತ್ತಿರುವಾಗಲೂ, ಅದು ಅವಳದೇ ಸ್ವರದಲ್ಲಿ ನನಗೆ ಕೇಳುತ್ತಿದೆ. ಟೇಪಿನ ಪ್ರಕಾರ ಹಾಡು ಆರಂಭವಾದಾಗ ನಾನು ಮಾತಾಡುತ್ತಿದ್ದೆ, ಹಾಡು ಮುಗಿದಾಗಲೂ ಮಾತಾಡುತ್ತಿದ್ದೆ.